ಹೆಬ್ಬೆರಳಿನವರೆಗೆ

ಚಪ್ಪಲಿ ಕಳಚಿ ಬಿದ್ದದ್ದು ಗಂಗಾಳಿಗೆ ಗೊತ್ತಾಗಲಿಲ್ಲ. ರಸೆಲ್ ಮಾರುಕಟ್ಟೆಯ ಸೊಪ್ಪಿನ ಸಾಲು ದಾಟಿ, ನಿಂಬೆಹಣ್ಣಿನ ಗುಡ್ಡೆಗಳ ನಡುವೆ, ಬ್ಯಾಗನ್ನು ಎದೆಗವಚಿಕೊಂಡು ಅವಳು ನಡೆಯುತ್ತಲೇ ಇದ್ದಳು. ಹಿಂದಿನಿಂದ ಯಾರೋ ಕೂಗುತ್ತಿದ್ದರು. ಮಾರುಕಟ್ಟೆಯಲ್ಲಿ ಎಲ್ಲರೂ ಕೂಗುತ್ತಾರೆ. ಆ ಕೂಗು ತನಗಿರಬಹುದೆಂದು ಅವಳಿಗೆ ಅನ್ನಿಸಲಿಲ್ಲ. ಗಂಡ ಮುತ್ತಣ್ಣ ತೀರಿಹೋದ ಈ ಎರಡು ವರ್ಷಗಳಲ್ಲಿ ಯಾವ ಕೂಗೂ ತನ್ನದಲ್ಲ ಎಂಬಂತೆ ನಡೆಯುವುದು ರೂಢಿಯಾಗಿಬಿಟ್ಟಿತ್ತು. "ಅರೇ ಮೇಡಂ! ಚಪ್ಪಲ್ ಛೋಡ್ ಕೋ ಕಹಾಂ ಜಾರೈಂ?" ಎಂದು ಕೂಗು ಹತ್ತಿರವಾದಾಗ ತಿರುಗಿ ನೋಡಿದಳು. ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಪರಂಗಿಹಣ್ಣು ಕೊಳ್ಳುವ ಅಂಗಡಿಯ ಜಿಯಾವುಲ್ಲಾ. ಅವನ ಬೆರಳು ತೋರಿಸಿದ ಕಡೆ, ಕೊತ್ತಂಬರಿ ಕಡ್ಡಿಗಳ ರಾಶಿಯ ಪಕ್ಕ, ಅವಳ ಎಡಗಾಲಿನ ಚಪ್ಪಲಿ ಒಂಟಿಯಾಗಿ ಅವಳತ್ತಲೇ ಮುಖ ಮಾಡಿಕೊಂಡು ಬಿದ್ದಿತ್ತು. "ಇದು ಮಾರ್ಕೆಟ್ಟು ಮೇಡಂ, ದರ್ಗಾ ಅಲ್ಲ. ಚಪ್ಪಲ್ ಹಾಕ್ಕೊಂಡೇ ಬರ್ಬೋದು," ಎಂದ. ನಿಂಬೆಹಣ್ಣಿನವರು ನಕ್ಕರು. ಗಂಗಾಳೂ ನಗಬೇಕೆಂದುಕೊಂಡಳು. ಆದರೆ ಅವಳ ಕಣ್ಣು ಆಗಲೇ ತನ್ನ ಪಾದದ ಮೇಲೆ ಬಿದ್ದಿತ್ತು. ಮೀನಿನವರ ಮಂಜುಗಡ್ಡೆ ಕರಗಿ ಹರಿದು ಬಂದ ಕಪ್ಪು ನೀರಿನಲ್ಲಿ ಅದು ಬರಿದಾಗಿ ನಿಂತಿತ್ತು. ಬೆರಳುಗಳ ಸಂದಿಯಲ್ಲಿ ಒಂದು ಹಸಿರು ಎಲೆ. ನೀರು ತಣ್ಣಗಿರಬೇಕು, ಬಲಗಾಲಿನ ಚಪ್ಪಲಿಯೊಳಕ್ಕೆ ನುಗ್ಗಿದ ಹನಿಗಳು ತಣ್ಣಗಿದ್ದವು. ಅದು ತನ್ನದೇ ಪಾದವೆಂದು ಕಣ್ಣು ಹೇಳುತ್ತಿತ್ತು, ಪಾದ ಮಾತ್ರ ಏನೂ ಹೇಳಲಿಲ್ಲ. ಕಾಲಿನ ಮೇಲೆ ಒಂದು ಇಡೀ ಮಾರುಕಟ್ಟೆಯ ನೀರು ಹರಿಯುತ್ತಿದ್ದರೂ ಒಳಗೆ ಸುದ್ದಿ ಮುಟ್ಟಿರಲಿಲ್ಲ. ಹೆದರಿಕೆ ಆಗಬೇಕಿತ್ತು. ಆದದ್ದು ಹೆದರಿಕೆಯಲ್ಲ. ದೇವರ ಗುಡಿಯಲ್ಲಿ ಪರದೆ ಸರಿಯುವ ಮುಂಚಿನ ಗಳಿಗೆಯಲ್ಲಿ ಆಗುವಂಥದ್ದೇನೋ ಆಯಿತು.

ಮರಗಟ್ಟುವುದು ಅವಳಿಗೆ ಹೊಸ ಮಾತಾಗಿರಲಿಲ್ಲ. ಹೇಗಿದ್ದೀಯಾ ಎಂದು ಕೇಳಿದವರಿಗೆಲ್ಲ ಮೊದಮೊದಲು ಕೊಡುತ್ತಿದ್ದ ಉತ್ತರ ಅದೊಂದೇ: ಮರಗಟ್ಟಿದೆ. ಕನ್ನಡದಲ್ಲಿ ಎಂ.ಎ. ಮಾಡಿದವಳು, ಒಂದು ಮಾತನ್ನು ಸರಿಯಾಗಿ ಆರಿಸಿದರೆ ಇನ್ನೊಂದು ಬೇಕಾಗುವುದಿಲ್ಲ ಎಂದು ನಂಬಿದವಳು. ಸಾವಿನ ಮನೆಯಲ್ಲಿ ಅವಳು ಅಳಲಿಲ್ಲ. ಅಳಿಸಲು ಬಂದವರು ಬೆನ್ನು ತಟ್ಟಿ ತಟ್ಟಿ ತಾವೇ ಅತ್ತು ಹೋದರು. ಹೀಗಾಗಿ ಎಡಗಾಲು ಜೋಮು ಹಿಡಿಯತೊಡಗಿದಾಗ ಅವಳು ಅದನ್ನು ಕಾಯಿಲೆ ಎಂದುಕೊಳ್ಳಲಿಲ್ಲ. ತಲೆಯಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಇಳಿದಿದ್ದು ಈಗ ಕಾಲಿಗೆ ಇಳಿದಿದೆ, ಇಳಿಯಲೇಬೇಕಲ್ಲ, ಎಂದುಕೊಂಡಿದ್ದಳು. ಚಪ್ಪಲಿಯನ್ನು ಕೈಯಿಂದ ಹಿಡಿದು ಕಾಲಿಗೆ ಸಿಕ್ಕಿಸಿಕೊಳ್ಳಬೇಕಾಯಿತು. ಬಗ್ಗಿದಾಗ ಎಡ ಕುಂಡಿಯ ಆಳದಲ್ಲಿ ಕೆಂಡವೊಂದು ಕಣ್ಣು ತೆರೆಯಿತು.

ಕೆಂಡ ತೆರೆದುಕೊಂಡ ಮೇಲೆ ಅದರ ದಾರಿ ಅವಳಿಗೆ ಬಾಯಿಪಾಠ. ಹಲಸೂರಿನ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಅವಳು ಅದನ್ನೇ ಕಾದಳು. ಪಕ್ಕದಲ್ಲಿ ಸೀಟು ಖಾಲಿಯಿತ್ತು. "ಮೇಡಂ, ನಿಂತ್ರೂ ಅಷ್ಟೇ ಟಿಕೆಟ್ಟು, ಕಮ್ಮಿ ಮಾಡಲ್ಲ," ಎಂದು ಕಂಡಕ್ಟರ್ ತಮಾಷೆ ಮಾಡಿದ. ಕೂತರೆ ತಡೆಯಲಾಗುವುದಿಲ್ಲ ಎಂದು ಅವನಿಗೆ ಹೇಳುವುದು ಹೇಗೆ? ಶಾಲೆಯ ಸ್ಟಾಫ್ ರೂಮಿನಲ್ಲಿ ಅವಳು ಕುರ್ಚಿಯ ಅಂಚಿಗೆ ಒಂದೇ ಕುಂಡಿ ತಾಗಿಸಿ ಕೂರುತ್ತಿದ್ದಳು. ಬೋರ್ಡಿನ ಮುಂದೆ ಒಂದು ಕಡೆ ವಾಲಿ ನಿಂತು ಬರೆದದ್ದಕ್ಕೆ ಅವಳ ಸಾಲುಗಳೂ ವಾಲುತ್ತಿದ್ದವು. ಬಸ್ಸು ಗುಂಡಿಯಲ್ಲಿ ಹಾರಿತು. ಹೊರಟಿತು ಅದು: ಕುಂಡಿಯಿಂದ ತೊಡೆಯ ಹೊರಮಗ್ಗುಲಿಗೆ, ಅಲ್ಲಿಂದ ಮೊಣಕಾಲಿನ ಪಕ್ಕ ಬಳಸಿ, ಮುಂಗಾಲಿನ ಹೊರಗಡೆ ಇಳಿದು, ಪಾದದ ಮೇಲ್ಭಾಗವನ್ನು ಓರೆಯಾಗಿ ದಾಟಿ, ಹೆಬ್ಬೆರಳಿನಲ್ಲಿ ನಿಂತಿತು. ಎಂದೂ ದಾರಿ ತಪ್ಪಿದ್ದಿಲ್ಲ. ತೊಡೆಯ ಒಳಮಗ್ಗುಲಿಗೆ ಹೋದದ್ದಿಲ್ಲ, ಕಿರುಬೆರಳಿಗೆ ಹೋದದ್ದಿಲ್ಲ. ಯಾರೋ ಬಲ್ಲವರು ನಡೆದ ಹಾಗೆ. ಯಾರು ಬಲ್ಲವರು ಎಂಬುದೂ ಅವಳಿಗೆ ಗೊತ್ತಿತ್ತು. ಭಾನುವಾರ ಬೆಳಿಗ್ಗೆ, ಅತ್ತೆ ನಲ್ಲಿಯ ಹತ್ತಿರ ಕೊಡ ಹಿಡಿದು ಕೂತಿರುವ ಹೊತ್ತಿನಲ್ಲಿ, ಮುತ್ತಣ್ಣ ತನ್ನ ಕಾಲಿನ ಹೆಬ್ಬೆರಳಿನಿಂದ ಅವಳ ಕಾಲಿನ ಮೇಲೆ ಗೀರುತ್ತಾ ಬರುತ್ತಿದ್ದ. "ಹಲಸೂರು, ಹಲಸೂರು," ಎಂದು ಸೊಂಟದ ಕೆಳಗೆ ಶುರು. ಅವನು ಮಾನ್ವಿ ಕಡೆಯವನು. ಆದರೆ ಈ ಆಟಕ್ಕೆ ಮಾತ್ರ ಬೆಂಗಳೂರಿನ ಕಂಡಕ್ಟರನ ಮೂಗಿನ ದನಿ ತರುತ್ತಿದ್ದ. ತೊಡೆಯ ಮೇಲೆ ಇಂದಿರಾನಗರ. ಮೊಣಕಾಲಿನ ಪಕ್ಕದಲ್ಲಿ ಬೆನ್ನಿಗಾನಹಳ್ಳಿ, ಅಲ್ಲಿ ಯಾವಾಗಲೂ ಜಾಮು, ಬೆರಳು ನಿಂತೇ ಇರುತ್ತಿತ್ತು. ಕೊನೆಗೆ ಅವಳ ಹೆಬ್ಬೆರಳಿಗೆ ತನ್ನ ಹೆಬ್ಬೆರಳು ತಾಗಿಸಿ, "ಕೆ.ಆರ್. ಪುರ! ಲಾಸ್ಟ್ ಸ್ಟಾಪ್! ಎಲ್ರೂ ಇಳೀರಿ, ಇಳೀರಿ!" ಅವಳು ಎಂದೂ ಇಳಿದಿರಲಿಲ್ಲ. ಅವನನ್ನು ಲಾರಿ ಹೊಡೆದದ್ದು ಬೆನ್ನಿಗಾನಹಳ್ಳಿಯಲ್ಲೇ. ಆ ಆಟವನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ. ನೋವನ್ನೂ ಹಾಗೆಯೇ ಇಟ್ಟುಕೊಂಡಿದ್ದಳು, ಸೆರಗಿನಲ್ಲಿ ಕಟ್ಟಿಕೊಂಡ ಹಾಗೆ. ಇಂಥದೇ ದಾರಿಯಲ್ಲಿ ಬರುವವನು ಇನ್ನಾರು? ಬಂದರೆ ಬರಲಿ. ಸುಡುತ್ತಾ ಬಂದರೂ ಬರಲಿ.

ಆದರೆ ಇವತ್ತು ಕೆ.ಆರ್. ಪುರ ತಲುಪಿದ್ದು ಸರಿಯಾಗಿ ತಿಳಿಯಲಿಲ್ಲ. ಹೆಬ್ಬೆರಳಿನ ಹತ್ತಿರ ಬಂದು ಅದು ಹತ್ತಿಯೊಳಗೆ ಹೊಕ್ಕ ಹಾಗೆ ಆರಿಹೋಯಿತು.

"ಯಾಕವಾ, ಕಾಲು ಎಳಕೋಂತ ಬರಕತ್ತೀದಿ?" ಎಂದಳು ಸುಭದ್ರಮ್ಮ, ಅವಳ ಅತ್ತೆ, ವಠಾರದ ಬಾಗಿಲಲ್ಲೇ. ಸುಭದ್ರಮ್ಮನ ಕಿವಿ ಚುರುಕು. ಚಪ್ಪಲಿ ನೆಲ ಕೆರೆಯುವ ಸದ್ದು ಮೂಲೆಮನೆಯವರೆಗೂ ಕೇಳಿರಬೇಕು. "ಚಪ್ಪಲಿ ಕಡೀತದ ಅತ್ತಿ." "ಎಡಗಾಲಿಂದಷ್ಟ ಕಡೀತದೇನು?" ಗಂಗಾ ಒಳಗೆ ಹೋಗಿ ಪರಂಗಿಹಣ್ಣು ಹೆಚ್ಚಿದಳು. ಎರಡು ವರ್ಷಗಳಿಂದ ಇಬ್ಬರೂ ಒಂದೇ ಕೋಣೆಯಲ್ಲಿ ಹೀಗೆ, ಅರ್ಧ ಕೇಳಿ ಅರ್ಧ ಬಿಟ್ಟು ಬದುಕಿದ್ದರು. ಸುಭದ್ರಮ್ಮ ಮಗನ ಹೆಸರೆತ್ತಿದರೆ ಗಂಗಾ ಎದ್ದು ಹೋಗಿ ಒಲೆ ಒರೆಸುತ್ತಿದ್ದಳು. ಸುಭದ್ರಮ್ಮನಿಗೆ ಹೇಳಿಕೊಳ್ಳಲು ಇದ್ದದ್ದು ಒಂದೇ ಕಥೆ, ಅದನ್ನು ಯಾರಾದರೂ ಕೂತು ಕೇಳಬೇಕಿತ್ತು: ಮಗ ಕಾಲು ಮುಂದಾಗಿ ಬಂದದ್ದು. ಇಡೀ ದಿನ ಬ್ಯಾನಿ ತಿಂದ ಮೇಲೆ ಒಂದು ಪಾದ ಮಾತ್ರ ಹೊರಗೆ ಬಂತಂತೆ, ನೀಲಿಗಟ್ಟಿ. ತಲೆ ಒಳಗೇ. ಸೂಲಗಿತ್ತಿ ದೀಪ ತರಿಸಿ, ಆ ಪಾದದ ಅಂಗಾಲನ್ನು ಉಗುರಿನಿಂದ ಕೆರೆದಳಂತೆ. ಯಾರೂ ಉಸಿರಾಡಲಿಲ್ಲ. ಹೆಬ್ಬೆರಳು ಇಷ್ಟೇ ಇಷ್ಟು ಅಲುಗಿತು. "ಜೀವ ಅದ," ಅಂದಳಂತೆ ಸೂಲಗಿತ್ತಿ. "ಅವನ ಮಾರಿ ನೋಡೂಕಿಂತ ಮೊದಲ ಅವನ ಹೆಬ್ಬೆಟ್ಟು ನೋಡೀನವಾ ನಾ," ಎಂದು ಸುಭದ್ರಮ್ಮ ಹೇಳುವಾಗ ಗಂಗಾಳಿಗೆ ಶವಾಗಾರ ನೆನಪಾಗುತ್ತಿತ್ತು. ಅಲ್ಲಿ ತಟ್ಟೆ ಎಳೆದಾಗ ಮೊದಲು ಹೊರಬಂದದ್ದೂ ಪಾದಗಳೇ. ಮುಖದ ಬಟ್ಟೆ ತೆಗೆಯುವುದು ಬೇಡ, ಇದು ಅವರೇ, ಎಂದಿದ್ದಳು.

ಕಾಲು ಮುಂದಾಗಿ ಹುಟ್ಟಿದವರ ಪಾದ ತಾಗಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ಹಲಸೂರಿನ ಆ ಬೀದಿಗೆ ತಿಳಿದದ್ದು ಸುಭದ್ರಮ್ಮನಿಂದಲೇ. ಭಾನುವಾರ ಬೆಳಿಗ್ಗೆ ಜನ ಬರುತ್ತಿದ್ದರು. ಬಾಗಿಲ ಚೌಕಟ್ಟು ಹಿಡಿದು, ಬೆನ್ನು ಕೊಟ್ಟು, ಮಾತಾಡದೆ ನಿಲ್ಲಬೇಕು. ಮುತ್ತಣ್ಣ ಎಡಗಾಲು ಎತ್ತಿ ಸೊಂಟಕ್ಕೆ ಮೂರು ಸಲ ತಾಗಿಸುವನು. ಅವರು ಹಿಂದಿರುಗಿ ನೋಡದೆ ಹೊರಡಬೇಕು. ವಿಮಾನಪುರದ ಕಾರ್ಖಾನೆಯಲ್ಲಿ ವಾರವಿಡೀ ರಿವೆಟ್ಟು ಹೊಡೆಯುವ ಮನುಷ್ಯ, ನಾಚಿಕೆಯಿಂದ ಕಿವಿಯವರೆಗೆ ಕೆಂಪಾಗಿ, ಕಾಲನ್ನು ಸೋಪು ಹಾಕಿ ತೊಳೆದು ಬರುತ್ತಿದ್ದ. ಹಿರಿಯರಿಗೆ ಕಾಲು ತಾಗಿಸಿದ್ದಕ್ಕೆ ಪ್ರತಿ ಸಲವೂ ಬಗ್ಗಿ, ಅವರ ಬೆನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಗಂಗಾ ಒಳಗಿನಿಂದ ರೇಡಿಯೋ ಜೋರು ಮಾಡುತ್ತಿದ್ದಳು. "ನಿನ್ನ ಎಂ.ಎ.ಗೆ ನನ್ನ ಕಾಲು ಕಂಡ್ರ ಆಗಂಗಿಲ್ಲ," ಎಂದು ಅವನು ನಗುತ್ತಿದ್ದ.

ಮಾರನೆಯ ದಿನ ಭಾನುವಾರ. ಗಂಗಾ ಸೀನುವುದನ್ನು ತಡೆದುಕೊಂಡು ಅಕ್ಕಿ ಆರಿಸುತ್ತಿದ್ದಳು. ಸೀನಿದರೆ ಮಿಂಚು ಹೊಡೆದಂತೆ ಸೊಂಟದಿಂದ ಕೆಳಗೆ ಇಳಿಯುತ್ತಿತ್ತು. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನಿಂತಳು ಎನ್ನುವುದಕ್ಕಿಂತ, ಒಂದು ಪಕ್ಕಕ್ಕೆ ಮುರಿದ ಹಾಗೆ ವಾಲಿ ಚೌಕಟ್ಟನ್ನು ಹಿಡಿದಳು. ಕೆ.ಆರ್. ಪುರದ ಆಚೆಯಿಂದ ಸೊಪ್ಪಿನ ಮಂಕರಿ ಹೊತ್ತು ಶಿವಾಜಿನಗರಕ್ಕೆ ಬರುವ ಜಟ್ಟೆಮ್ಮ. ಮೂರ್ನಾಲ್ಕು ವರ್ಷದ ಹಿಂದೆ ಒಮ್ಮೆ ಬಂದು, ಸೊಂಟ ಬಿಡಿಸಿಕೊಂಡು, ಮುಂದಿನ ವಾರ ಒಂದು ಹೊರೆ ದಂಟಿನ ಸೊಪ್ಪು ತಂದು ಸುರಿದು ಹೋಗಿದ್ದವಳು.

"ಅಣ್ಣೋರಿಲ್ವಾ ಕಣಮ್ಮ? ಬೇಗ ಕರೀ, ನಿಂತ್ಕೊಳಕ್ಕಾಯ್ತಿಲ್ಲ ನಂಗೆ. ಆವತ್ತು ಬಿಡ್ಸಿದ್ರಲ್ಲ, ಅದ್ರಪ್ಪನಂಗೆ ಹಿಡ್ಕೊಂಡೈತೆ ಈಗ."

ಸುಭದ್ರಮ್ಮ ನಲ್ಲಿಯ ಕಡೆಯಿಂದ ಬಂದು ಕೊಡ ಇಳಿಸಿದಳು. "ಅವ ತೀರಿಕೊಂಡಾನವಾ. ಎರಡು ವರ್ಷ ಆತು."

ಜಟ್ಟೆಮ್ಮ ಗಂಗಾಳ ಹಣೆ ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ಕುಸಿದು, ಸಂಕೋಚವಿಲ್ಲದೆ, ಸೆರಗು ಬಾಯಿಗೆ ತುರುಕದೆ ಅತ್ತಳು. "ಅಯ್ಯೋ ನನ್ನಪ್ಪ, ಒದ್ದುಬುಟ್ಟು ಕೈ ಮುಗೀತಿದ್ನಲ್ಲಪ್ಪಾ..." ಗಂಗಾ ಮೊರ ಹಿಡಿದು ನೋಡುತ್ತಿದ್ದಳು. ಒಂದೇ ಸಲ ಕಂಡವಳು, ಅದೂ ಬೆನ್ನು ಕೊಟ್ಟು ನಿಂತವಳು, ಅವನಿಗಾಗಿ ಹೀಗೆ ಅಳಬಲ್ಲಳು. ತನ್ನೊಳಗೆ ಏನಾದರೂ ಏಳುತ್ತದೋ ಎಂದು ಕಾದಳು. ಏಳಲಿಲ್ಲ. ಅಷ್ಟರಲ್ಲಿ ಅಳುತ್ತಿದ್ದ ಜಟ್ಟೆಮ್ಮ ಹಾ ಎಂದು ಹಲ್ಲು ಕಚ್ಚಿ ಬಲಗಾಲನ್ನು ಹಿಡಿದುಕೊಂಡಳು. "ಅಳಕ್ಕೂ ಬುಡಕ್ಕಿಲ್ಲ ಕಣವ್ವ ಇದು. ಬಿಕ್ಕಿದ್ರೆ ಸಾಕು ಇಳೀತದೆ."

"ಎಲ್ಲಿಂದ?" ಎಂದು ಗಂಗಾ ಕೇಳಿದಳು. ಯಾಕೆ ಕೇಳಿದಳೋ.

"ಇಗೋ ಇಲ್ಲಿ, ಕುಂಡೀಲಿ, ಕೆಂಡ ಮಡಗ್ದಂಗೆ." ಜಟ್ಟೆಮ್ಮನ ಬೆರಳು, ಸೊಪ್ಪಿನ ಕಲೆ ಹಿಡಿದ ಒರಟು ಬೆರಳು, ಸೀರೆಯ ಮೇಲೆಯೇ ಹೊರಟಿತು. ತೊಡೆಯ ಹೊರಮಗ್ಗುಲು. "ಹಿಂಗೇ ಇಳೀತದೆ. ಇಲ್ಲಿ ಮಂಡಿ ಪಕ್ಕ ಒಂದ್ ಗಳಿಗೆ ನಿಂತ್ಕೊತದೆ, ಯೋಚ್ನೆ ಮಾಡ್ತದೆ ಮುಂಡೇದು." ಮುಂಗಾಲಿನ ಪಕ್ಕ. ಪಾದದ ಮೇಲೆ ಓರೆಯಾಗಿ. "ಇಗೋ, ಈ ಹೆಬ್ಬೆಟ್ಟಿಗೆ ಬಂದ್ರೆ ಮುಗೀತು. ಕೂತ್ರೆ ಜಾಸ್ತಿ. ನಡುದ್ರೆ ಒಸಿ ವಾಸಿ. ಬಸ್ನಾಗೆ ಸೀಟ್ ಸಿಕ್ಕಿದ್ರೂ ನಿಂತ್ಕೊಂಡೇ ಬತ್ತೀನಿ."

ಗಂಗಾಳಿಗೆ ಮೊದಲು ಆದದ್ದು ಅವಮಾನ. ಮುಚ್ಚಿಟ್ಟ ಪೆಟ್ಟಿಗೆಯನ್ನು ಬೀದಿಯಲ್ಲಿ ಯಾರೋ ತೆರೆದಂತೆ. ಹಲಸೂರು, ಇಂದಿರಾನಗರ, ಬೆನ್ನಿಗಾನಹಳ್ಳಿ: ಈ ಹೆಂಗಸಿನ ಬೆರಳು ಒಂದು ನಿಲ್ದಾಣವನ್ನೂ ಬಿಡದೆ ಬಂದಿತ್ತು. ಅವಳ ಕಾಲಿನ ಮೇಲೆ ಯಾವ ಮುತ್ತಣ್ಣ ಗೀರಿದ್ದ? ಅವಳ ಬಲಗಾಲು, ಇವಳ ಎಡಗಾಲು. ಕನ್ನಡಿಯ ಮುಂದೆ ಕೂತಂತಿತ್ತು. ಹಾಗಾದರೆ ಅದು ಅವನಲ್ಲ. ಅವನಲ್ಲ ಎಂಬ ಮಾತು ಬಿದ್ದ ಜಾಗದಲ್ಲಿ ನೋವಾಗಬೇಕಿತ್ತು. ಅದರ ಬದಲು ಆ ಜಾಗ ದೊಡ್ಡದಾಗುತ್ತಾ ಹೋಯಿತು. ಆ ದಾರಿ ಮೊದಲೇ ಅಲ್ಲಿತ್ತು. ಅವನು ಗೀರುವುದಕ್ಕೂ ಮುಂಚೆ, ಇವಳು ಹುಟ್ಟುವುದಕ್ಕೂ ಮುಂಚೆ, ಚರ್ಮದ ಕೆಳಗೆ, ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದೆ. ಅವನ ಹೆಬ್ಬೆರಳು ತಮಾಷೆಗೆ ಗೀರುತ್ತಾ ಗೊತ್ತಿಲ್ಲದೆ ಅದರ ಮೇಲೆಯೇ ನಡೆದಿತ್ತು. ಬಸ್ಸಿನಲ್ಲಿದ್ದವರೆಲ್ಲರ ಕಾಲಿನಲ್ಲೂ ಅದು ಇತ್ತು. ಕಂಡಕ್ಟರನ ಕಾಲಿನಲ್ಲಿ, ಜಿಯಾವುಲ್ಲಾನ ಕಾಲಿನಲ್ಲಿ, ಎದುರಿಗೆ ಮೂಗು ಒರೆಸಿಕೊಳ್ಳುತ್ತಿರುವ ಅತ್ತೆಯ ಕಾಲಿನಲ್ಲಿ. ಶವಾಗಾರದ ತಟ್ಟೆಯ ಮೇಲಿದ್ದ ಆ ಎರಡು ಕಾಲುಗಳಲ್ಲಿ ಕೂಡ, ಸುಮ್ಮನಾಗಿ.

"ಅವರು ಹಾಕ್ಕೊತಿದ್ದುದ್ದು ಏನಾದ್ರೂ ಮಡಗಿದ್ದೀರಾ ಅವ್ವ?" ಜಟ್ಟೆಮ್ಮ ಸುಭದ್ರಮ್ಮನನ್ನು ಕೇಳುತ್ತಿದ್ದಳು. "ಚಪ್ಲೀನೋ, ಬೂಡ್ಸೋ. ಅದ್ನಾದ್ರೂ ತಾಗ್ಸಿ. ಅಷ್ಟು ದೂರದಿಂದ ಬಂದಿವ್ನಿ."

ಸುಭದ್ರಮ್ಮ ಒಳಗೆ ಹೋಗಿ ಟ್ರಂಕು ತೆರೆದಳು. ಮುಚ್ಚಳದ ಸದ್ದಿಗೆ ಗಂಗಾ ಎದ್ದು ಹೋಗಿ ಒಲೆ ಒರೆಸಬೇಕಿತ್ತು, ಹೋಗಲಿಲ್ಲ. ಅತ್ತೆ ತಂದದ್ದು ಕಾರ್ಖಾನೆಯ ಕಪ್ಪು ಬೂಟು, ಎಡಗಾಲಿನದು. ಪಾಲಿಶ್ ಹೊಳೆಯುತ್ತಿತ್ತು. ತಾನು ಶಾಲೆಗೆ ಹೋದಾಗ ಅದನ್ನು ಯಾರು ಉಜ್ಜುತ್ತಿದ್ದರೆಂದು ಆಗ ಗಂಗಾಳಿಗೆ ತಿಳಿಯಿತು. "ನಾ ಹಡದಾಕಿ, ನಾ ತಾಗಸಬಾರದು," ಎಂದಳು ಸುಭದ್ರಮ್ಮ. "ನೀ ಹಾಕ್ಕೋ. ಅರ್ಧ ಶರೀರ ಅಂತಾರ."

ಇಂಥ ಮಾತಿಗೆ ಗಂಗಾ ಹಿಂದೆ ರೇಡಿಯೋ ಜೋರು ಮಾಡುತ್ತಿದ್ದಳು. ಈಗ ಸುಮ್ಮನೆ ಬೂಟಿನೊಳಗೆ ಕಾಲಿಟ್ಟಳು. ಅದು ದೊಡ್ಡದು, ಒಳಗೆ ಅವನ ಹಿಮ್ಮಡಿ ಸವೆಸಿದ ಗುಳಿಯಿತ್ತು. ಇತ್ತು ಎಂದು ಊಹಿಸಿದಳು, ತಿಳಿಯಲಿಲ್ಲ. ಜಟ್ಟೆಮ್ಮ ಎದ್ದು ಚೌಕಟ್ಟು ಹಿಡಿದು ಬೆನ್ನು ಕೊಟ್ಟಳು. ಗಂಗಾ ಗೋಡೆಗೆ ಕೈಯೂರಿ ಎಡಗಾಲು ಎತ್ತಿದಳು. ತೊಡೆ ಎದ್ದಿತು, ಮೊಣಕಾಲು ಎದ್ದಿತು. ಬೂಟು ಮುಂದಕ್ಕೆ ಜೋತು, ಜಾರಿ, ಧೊಪ್ಪನೆ ನೆಲಕ್ಕೆ ಬಿತ್ತು. ಬರಿಗಾಲು ಗಾಳಿಯಲ್ಲಿ ತೂಗುತ್ತಿತ್ತು, ಬೆರಳುಗಳು ನೆಲದ ಕಡೆಗೆ.

ಮಾತಾಡಬಾರದೆಂಬುದನ್ನು ಮರೆತರೂ, ಹಿಂದಿರುಗಿ ನೋಡಬಾರದೆಂಬ ನಿಯಮ ಮುರಿಯದೆ ಜಟ್ಟೆಮ್ಮ, "ಆಯ್ತಾ ಕಣಮ್ಮ? ತಾಗ್ಲೇ ಇಲ್ವಲ್ಲ," ಎಂದಳು.

"ಬೆರಳು ಎತ್ತು," ಎಂದಳು ಸುಭದ್ರಮ್ಮ.

"ಎತ್ತೀನಿ ಅತ್ತಿ."

"ಎಲ್ಲಿ ಎತ್ತೀದಿ? ನೋಡಲ್ಲಿ."

ಗಂಗಾ ನೋಡಿದಳು. ಎತ್ತುತ್ತಿದ್ದಳು, ನಿಜವಾಗಿಯೂ ಎತ್ತುತ್ತಿದ್ದಳು. ಅಪ್ಪಣೆ ಹೊರಟದ್ದು ಅವಳಿಗೆ ಗೊತ್ತಿತ್ತು, ಹೊರಡಿಸಿದ್ದು ಅವಳೇ. ದಾರಿಯಲ್ಲೆಲ್ಲೋ ಅದು ನಿಂತುಬಿಟ್ಟಿತ್ತು. ಬದುಕಿನುದ್ದಕ್ಕೂ ಹೀಗೆ ಕಳಿಸುತ್ತಲೇ ಬಂದಿದ್ದಳಲ್ಲ, ಒಂದೊಂದು ಹೆಜ್ಜೆಗೂ, ಮೆಟ್ಟಿಲು ಹತ್ತುವಾಗ, ನೀರು ದಾಟುವಾಗ, ಮದುವೆಯ ದಿನ ಕಾಲುಂಗುರಕ್ಕೆ ಬೆರಳು ಚಾಚುವಾಗ; ಒಂದು ಸಲವಾದರೂ ಅದು ತಲುಪಿತೇ ಎಂದು ತಿರುಗಿ ನೋಡಿದ್ದುಂಟೆ? ತಲುಪುತ್ತಿತ್ತು. ಅಷ್ಟು ದೊಡ್ಡ ಕೆಲಸ, ಯಾರ ಹೊಗಳಿಕೆಯೂ ಇಲ್ಲದೆ, ಪ್ರತಿ ಗಳಿಗೆಯೂ ನಡೆಯುತ್ತಿತ್ತು. ಬೆರಳು ಅಲುಗದೆ ನಿಂತಾಗ ಅವಳಿಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಆ ಹೆದರಿಕೆಯೊಳಗೇ ಒಂದು ಬೆಳಕೂ ಇತ್ತು. ದುಃಖ ಹೀಗೆ ಗೆರೆ ಎಳೆದು ಬರುವುದಿಲ್ಲ. ದುಃಖಕ್ಕೆ ಹೆಬ್ಬೆರಳು ಮತ್ತು ಕಿರುಬೆರಳಿನ ವ್ಯತ್ಯಾಸ ತಿಳಿಯುವುದಿಲ್ಲ. ಇದು ಬೇರೆ. ಇದು ಕಾಲು. ಇದು ಹೋಗುತ್ತಿದೆ.

"ಅತ್ತಿ, ನನಗೂ ಅದ ಬ್ಯಾನಿ," ಎಂದಳು. "ಭಾಳ ದಿನ ಆತು. ಆಕಿ ಹೇಳಿದಂಗ, ಹಂಗ."

ಸುಭದ್ರಮ್ಮ ಬೂಟನ್ನು ಎತ್ತಿ ಸೆರಗಿನಿಂದ ಒರೆಸಿದಳು. ಬೈಯುವಳೆಂದುಕೊಂಡಿದ್ದಳು ಗಂಗಾ. "ಚಪ್ಪಲಿ ಕಡೀತದ ಅಂದಿ," ಎಂದಷ್ಟೇ ಅಂದಳು. ಆಮೇಲೆ ಜಟ್ಟೆಮ್ಮನ ಕಡೆ ತಿರುಗಿ, "ನೀನೂ ನಡಿಯವಾ. ಬೂಟಿನ ಕೆಲಸ ಅಲ್ಲ ಇದು."

ಶಿವಾಜಿನಗರದಲ್ಲಿ ಡಾಕ್ಟರ್ ಜಹನಾರಾ ಶುಕ್ರವಾರ ಬಾಗಿಲು ಹಾಕಿ ಭಾನುವಾರ ತೆರೆಯುತ್ತಿದ್ದರು. ಆಟೋದಲ್ಲಿ ಸುಭದ್ರಮ್ಮ ನಡುವೆ ಕೂತಳು. ಎಡಕ್ಕೆ ಕೂತ ಗಂಗಾಳಿಗೆ ಬಲಕ್ಕೆ ವಾಲದೆ ಗತಿಯಿಲ್ಲ, ಬಲಕ್ಕೆ ಕೂತ ಜಟ್ಟೆಮ್ಮನಿಗೆ ಎಡಕ್ಕೆ ವಾಲದೆ ಗತಿಯಿಲ್ಲ. ಪ್ರತಿ ಗುಂಡಿಗೂ ಇಬ್ಬರೂ ಸುಭದ್ರಮ್ಮನ ಮೇಲೆ ಬೀಳುತ್ತಿದ್ದರು. "ಇಬ್ಬರೂ ಕೂಡಿ ನನ್ನ ರೊಟ್ಟಿ ಬಡೀತೀರೇನು?" ಎಂದು ಮುದುಕಿ ಗೊಣಗಿದಳು. ಜಟ್ಟೆಮ್ಮ ನಕ್ಕಳು, ನಕ್ಕದ್ದು ಕಾಲಿಗೆ ಇಳಿದು ಕೂಗಿಕೊಂಡಳು, ಕೂಗಿಕೊಂಡದ್ದಕ್ಕೆ ಮತ್ತೆ ನಗು ಬಂತು. ಗಂಗಾಳ ಕೆನ್ನೆ ಅತ್ತೆಯ ಭುಜಕ್ಕೆ ಒತ್ತಿತ್ತು. ಆ ಭುಜಕ್ಕೆ ಬೂಟ್ ಪಾಲಿಶ್‌ನ ವಾಸನೆಯಿತ್ತು.

ಡಾಕ್ಟರು ಮೊದಲು ಜಟ್ಟೆಮ್ಮನನ್ನು ನೋಡಿದರು. ಮಂಚದ ಮೇಲೆ ಅಂಗಾತ ಮಲಗಿಸಿ, ಕಾಲನ್ನು ಮಡಿಸದೆ ನೆಟ್ಟಗೆ ಎತ್ತಿದರು. ಅರ್ಧ ಏಳುವುದರೊಳಗೆ ಜಟ್ಟೆಮ್ಮ ಡಾಕ್ಟರ ಅಜ್ಜಿಯವರೆಗೂ ಬೈದಳು. ಬೆರಳು ಎತ್ತಿ ಎಂದಾಗ ಎತ್ತಿದಳು, ಒತ್ತಿ ಹಿಡಿದರೂ ಎತ್ತಿದಳು. "ಬೆರಳಲ್ಲಿ ಜೋರಿದೆ, ಅಚ್ಛಾ ಹೈ. ಸಯಾಟಿಕಾ ಅಂತಾರೆ ಇದಕ್ಕೆ. ಬೆನ್ನುಮೂಳೆ ಹತ್ರ ಡಿಸ್ಕು ನರಾನ ಒತ್ತಿದೆ. ಮಾತ್ರೆ ಕೊಡ್ತೀನಿ. ತೂಕ ಎತ್ತಬಾರದು."

"ನಾನು ಎತ್ತದಿದ್ರೆ ಸೊಪ್ಪು ಅದಾಗೇ ನಡ್ಕೊಂಡು ಬತ್ತದಾ ಡಾಕ್ಟ್ರಮ್ಮ?"

"ಅರ್ಧ ಮಂಕರಿ ಹೊರು. ಇನ್ನರ್ಧ ಗಂಡನಿಗೆ ಹೊರ್ಸು."

"ಅವ್ನನ್ನೂ ನಾನೇ ಹೊತ್ಕೊಂಡು ಓಡಾಡ್ತಿವ್ನಿ, ಅದಕ್ಕೇ ಹಿಂಗಾಗಿರೋದು."

ಆಮೇಲೆ ಗಂಗಾ. ಡಾಕ್ಟರು ಕೇಳಿದ್ದಕ್ಕೆಲ್ಲ ಅವಳು ತಲೆಯಾಡಿಸುತ್ತಾ ಹೋದಳು. ಕೆಮ್ಮಿದ್ರೆ ಕೆಳಗಿಳಿಯತ್ತಾ? ಬಗ್ಗಿದ್ರೆ? ಬೆಳಿಗ್ಗೆ ಏಳೋವಾಗ ಜಾಸ್ತಿನಾ? ತಾನು ಯಾರಿಗೂ ಹೇಳದೆ ಬಚ್ಚಿಟ್ಟದ್ದನ್ನು, ಎಂದೂ ಕಾಣದ ಈ ಹೆಂಗಸು ಪಾಠ ಒಪ್ಪಿಸುವಂತೆ ಹೇಳುತ್ತಿದ್ದರು. "ಒಂದಕ್ಕೆ ಎರಡಕ್ಕೆ ಹೋಗೋದು ತಿಳಿಯುತ್ತಾ? ತೊಡೆ ಸಂದಿ ಜೋಮು ಹಿಡಿದಿದ್ಯಾ?" ಅತ್ತೆಯ ಎದುರು, ಜಟ್ಟೆಮ್ಮನ ಎದುರು. ಗಂಗಾ ನೆಲ ನೋಡಿಕೊಂಡು, ತಿಳಿಯುತ್ತೆ, ಜೋಮಿಲ್ಲ, ಎಂದಳು. "ಇದಾದ್ರೂ ಪುಣ್ಯ. ಮಲಗಿ, ಕಣ್ಮುಚ್ಚಿ." ಯಾವುದೋ ಮೊನೆ ಕಾಲಿನ ಮೇಲೆ ಚುಕ್ಕೆ ಇಡುತ್ತಾ ಬಂತು. "ಇಲ್ಲಿ? ಇಲ್ಲಿ?" ಹಾಂ, ಹಾಂ. "ಇಲ್ಲಿ?" ದನಿ ಮಾತ್ರ ಕೇಳಿಸಿತು. "ಚುಚ್ತಿದೀನಿ ಅಮ್ಮಾ ನಾನು," ಎಂದರು ಡಾಕ್ಟರು, ಮೆಲ್ಲಗೆ. "ಇಷ್ಟು ದಿನ ಯಾಕೆ ಸುಮ್ನಿದ್ರಿ?"

ಡಾಕ್ಟರು ಎಡಗಾಲಿನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಮೊಣಕಾಲು ಮಡಿಯದಂತೆ ಮೇಲೆತ್ತಿದರು. ಕಾಲು ಅವಳದಲ್ಲದಂತೆ ಏಳುತ್ತಾ ಹೋಯಿತು. ಕಿಟಕಿಯಾಚೆ ಮಸೀದಿಯ ಗೋಡೆ, ಪಾರಿವಾಳ. ಎಲ್ಲೋ ಒಂದು ಎತ್ತರದಲ್ಲಿ ದಾರಿ ಬಿಗಿಯಿತು. ಇಡೀ ದಾರಿ ಒಂದೇ ಸಲಕ್ಕೆ, ಒಂದು ನಿಲ್ದಾಣವೂ ಇಲ್ಲದೆ, ಸೊಂಟದಿಂದ ಹಿಮ್ಮಡಿಯವರೆಗೆ ಹೊತ್ತಿಕೊಂಡಿತು. ಗಂಗಾ ಕೂಗಿದಳು. ಶವಾಗಾರದಲ್ಲಿ ಕೂಗದವಳು, ಬೆನ್ನು ತಟ್ಟಿದರೂ ಅಳದವಳು, ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಲ್ಲುವಂತೆ ಕೂಗಿದಳು. ಅಷ್ಟು ದೊಡ್ಡ ದನಿ ತನ್ನೊಳಗೆ ಎಲ್ಲಿತ್ತೆಂದು ಕೂಗುತ್ತಲೇ ಬೆರಗಾದಳು. ಡಾಕ್ಟರು ಕಾಲು ಇಳಿಸಿದರು. ಕೂಗು ಇಳಿಯಲಿಲ್ಲ, ಅದು ಅಳುವಾಗಿ, ಬಿಕ್ಕಾಗಿ, ಬಿಕ್ಕು ಮತ್ತೆ ಕಾಲಿಗೆ ಇಳಿದು, ನಿಲ್ಲಿಸಲು ಬಾರದೆ ಬಂತು. "ಬರ್ಲಿ ಬುಡು, ಬರ್ಲಿ," ಎನ್ನುತ್ತಿದ್ದಳು ಜಟ್ಟೆಮ್ಮ. ಸುಭದ್ರಮ್ಮ ಮಂಚದ ಕಾಲದೆಸೆಗೆ ಹೋಗಿ ನಿಂತಳು.

"ದೇಖೋ ಅಮ್ಮಾ," ಎಂದರು ಡಾಕ್ಟರು, ಅಳು ತಗ್ಗಿದ ಮೇಲೆ. "ಈ ನರ ನಿಮ್ಮ ಕಿರುಬೆರಳಷ್ಟು ದಪ್ಪ ಇರುತ್ತೆ. ಮೈಯಲ್ಲೆಲ್ಲ ದೊಡ್ಡದು ಇದೇ. ನಾಳೆ ಬೆಳಿಗ್ಗೇನೇ ದೊಡ್ಡಾಸ್ಪತ್ರೆಗೆ ಹೋಗಿ, ಸ್ಕ್ಯಾನ್ ಮಾಡ್ತಾರೆ, ಆಪರೇಷನ್ ಅಂದ್ರೂ ಅನ್ಬೋದು. ಚೀಟಿ ಬರ್ಕೊಡ್ತೀನಿ. ಎಷ್ಟು ಉಳಿದಿದೆ ಅಂತ ಈಗ ನೋಡ್ಬೇಕು ನಂಗೆ." ಅವರು ತಮ್ಮ ಬೆರಳಿನ ತುದಿಯನ್ನು ಗಂಗಾಳ ಹೆಬ್ಬೆರಳಿನ ಉಗುರಿನ ಮೇಲೆ, ಹಕ್ಕಿ ಕೂತಷ್ಟು ಹಗುರಾಗಿ, ಇಟ್ಟರು. "ಮೇಲಕ್ಕೆ. ಪೂರಾ ಜೋರು ಹಾಕಿ."

ಗಂಗಾ ಕಣ್ಣು ಮುಚ್ಚಿದಳು. ಕಿರುಬೆರಳಷ್ಟು ದಪ್ಪ. ಕತ್ತಲಲ್ಲಿ ಅದನ್ನು ಕಂಡಳು, ಅಥವಾ ಕಂಡಂತಾಯಿತು: ಬೆನ್ನಿನಿಂದ ಹೊರಟ ಬಿಳಿಯ ಹಗ್ಗ, ಒಂದು ಕಡೆ ಯಾವುದೋ ಕಲ್ಲಿನ ಕೆಳಗೆ ಸಿಕ್ಕಿಕೊಂಡು ನಲುಗುತ್ತಾ, ಆದರೂ ಆಚೆಗೆ ಹೋಗಿರುವುದು. ಅವಳು ಅಪ್ಪಣೆ ಕಳಿಸಿದಳು. ಈ ಸಲ ಅದರ ಜೊತೆಯಲ್ಲೇ ಹೋದಳು. ತೊಡೆ. ಮೊಣಕಾಲಿನ ಪಕ್ಕ, ಅಲ್ಲಿ ನಿಲ್ಲಬೇಕೆನ್ನಿಸಿತು, ಎರಡು ವರ್ಷದಿಂದ ಅಲ್ಲೇ ನಿಂತಿದ್ದಳು, ನಿಲ್ಲಲಿಲ್ಲ. ಮುಂಗಾಲು. ಪಾದ. ಅಲ್ಲಿಂದ ಮುಂದೆ ಏನೂ ತಿಳಿಯದ ಹತ್ತಿಯಂಥ ಬಯಲು, ಅದರೊಳಕ್ಕೂ ನಡೆದಳು. ತಲುಪಿದೆನೋ ಇಲ್ಲವೋ ತಿಳಿಯುವಂತಿರಲಿಲ್ಲ. ಕೋಣೆಯಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ.

ಕ್ಲಿನಿಕ್ಕಿನ ಟ್ಯೂಬ್‌ಲೈಟಿನ ಬೆಳಕಿಗೆ ಸುಭದ್ರಮ್ಮ ಬಗ್ಗಿದಳು, ಸೊಸೆಯ ಪಾದಕ್ಕೆ ಮುಖ ತಾಗುವಷ್ಟು ಹತ್ತಿರ.

"ಜೀವ ಅದ," ಎಂದಳು.